ಶುದ್ಧಿ ಮತ್ತು ಸುದ್ದಿ

ತತ್ಸಮ–ತದ್ಭವಗಳ ಪಾಠದಲ್ಲಿ 'ಶುದ್ಧಿ'ಯ ತದ್ಭವ 'ಸುದ್ದಿ' ಎಂದು ಬಾಯಿಪಾಠ ಮಾಡಿ ಮುಂದೆ ಸಾಗುತ್ತೇವೆ. ಎರಡು ಭಾಷೆಗಳಲ್ಲಿ ಶಾಲೆ ಕಲಿತ ನನಗೆ ಮೂರನೆಯ ಅರ್ಥವೂ ಕಿವಿಯಲ್ಲಿ ಉಳಿದಿದೆ. ಮರಾಠಿಯಲ್ಲಿ ಮೂರ್ಛೆ ತಿಳಿದೆದ್ದವನು 'ಶುದ್ಧೀವರ ಆಲಾ' ಎನಿಸಿಕೊಳ್ಳುತ್ತಾನೆ. ನಿರ್ಮಲತೆ, ವಾರ್ತೆ, ಎಚ್ಚರ: ಈ ಮೂರೂ ಎಷ್ಟು ಹತ್ತಿರದವೆಂದು ಮನಗಾಣಿಸಿದ್ದು ನಿಘಂಟಲ್ಲ, ಕೊಡೈಕಾನಲ್‌ನ ಮಣ್ಣು.

ವೇದಸಂದೂರಿನಿಂದ ಕಂಬಂ ಕಣಿವೆಯವರೆಗಿನ ಸೀಮೆ ನಮಗೆ ಪರಕೀಯವಲ್ಲ. ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಅನುಪ್ಪರೂ ಕಪ್ಪಿಲಿಯರೂ ಈ ಭಾಗದಲ್ಲಿದ್ದಾರೆ. ವೇದಸಂದೂರಿರುವ ದಿಂಡಿಗಲ್ ಜಿಲ್ಲೆಯದೇ ಗಿರಿಧಾಮ ಕೊಡೈಕಾನಲ್. ಅಲ್ಲಿಗೆ 1983ರಲ್ಲಿ ಅಮೆರಿಕದಿಂದ ಥರ್ಮಾಮೀಟರ್ ಕಾರ್ಖಾನೆಯೊಂದು ಬಂದಿತು. ಮುಂದೆ ಅದು ಹಿಂದೂಸ್ತಾನ್ ಲೀವರ್‌ನ ಕೈ ಸೇರಿತು. 2001ರ ಮಾರ್ಚಿನಲ್ಲಿ ಊರಿನ ಗುಜರಿಯಲ್ಲಿ ಪಾದರಸ ಲೇಪಿತ ಒಡಕು ಗಾಜಿನ ರಾಶಿಯನ್ನು ಜನರು ಬಯಲಿಗೆಳೆದರು. ಸುದ್ದಿ ಹಬ್ಬಿತು, ಕಾರ್ಖಾನೆ ಮುಚ್ಚಿತು. 2003ರಲ್ಲಿ ಸುಮಾರು 290 ಟನ್ ತ್ಯಾಜ್ಯ ಹಡಗೇರಿ ಅಮೆರಿಕಕ್ಕೆ ಮರಳಿತು. ಮಾಜಿ ಕಾರ್ಮಿಕರು 591 ಮಂದಿಗೆ ಒಪ್ಪಂದವಾಗಲು 2016 ಬರಬೇಕಾಯಿತು.

ಮಣ್ಣು ಮಾತ್ರ ಹಡಗೇರುವಂಥದಲ್ಲ. ಪಾದರಸವು ಮಣ್ಣಿನ ನುಣ್ಣನೆಯ ಕಣಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮಣ್ಣನ್ನು ತೊಳೆದು ನುಣುಪನ್ನು ಬೇರ್ಪಡಿಸಬೇಕು. ಅದನ್ನು ಕಾಯಿಸಿ, ಆವಿಯಾಗುವ ಪಾದರಸವನ್ನು ತಣಿಸಿ ಹಿಡಿಯಬೇಕು. ಎಷ್ಟು ತೊಳೆದರೆ ಶುದ್ಧಿ? ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಉಳಿದರೆ ಸಾಕೆಂಬುದು ಒಂದು ಲೆಕ್ಕ. ಪಕ್ಕದಲ್ಲೇ ಪಾಂಬಾರ್ ಶೋಲೆಯಿದೆ, ನೀರು ವೈಗೈ ಬಯಲಿಗೆ ಇಳಿಯುತ್ತದೆ, ಇದಕ್ಕಿಂತ ಬಹಳ ಬಿಗಿಯಾದ ಮಿತಿ ಬೇಕೆಂಬುದು ಹೋರಾಟಗಾರರ ವಾದ. ನೀರು ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಇನ್ನಷ್ಟು ಘೋರ ವಿಷವಾಗಿ ಮಾರ್ಪಡಿಸುತ್ತವೆ. ಅದು ಮೀನಿನ ಮೂಲಕ ಮನುಷ್ಯನನ್ನು ಮುಟ್ಟುತ್ತದೆ. ಜಪಾನಿನ ಮಿನಮಾಟ ಅದನ್ನು ಅನುಭವಿಸಿತು. ಹೀಗಿರುವಾಗ ಶುದ್ಧಿಯೆಂಬುದು ರಸಾಯನಶಾಸ್ತ್ರದ ಅಂಕಿಯಷ್ಟೇ ಅಲ್ಲ. ಆ ನೆಲದ ಕೆಳಗೆ ಬದುಕುವವರ ಒಪ್ಪಿಗೆಯೂ ಹೌದು.

ವಿದ್ಯಾರ್ಥಿ ಮಿತ್ರರೆ, ಇದು ನೆರೆನಾಡಿನ ಕಥೆಯೆಂದು ಸುಮ್ಮನಾಗುವಂತಿಲ್ಲ. ಅದೇ 2001ರ ಫೆಬ್ರವರಿಯಲ್ಲಿ ನಮ್ಮ ಕೋಲಾರದ ಚಿನ್ನದ ಗಣಿ ಮುಚ್ಚಿತು; ಚಿನ್ನ ತೆಗೆದುಳಿದ ಸೈನೈಡ್ ದಿಬ್ಬಗಳು ಊರ ನಡುವೆಯೇ ನಿಂತವು. ಗಾಳಿ ಬೀಸಿದಾಗ ಆ ದೂಳು ಮನೆಗಳನ್ನು ಹೊಗುತ್ತದೆ. ಅಂಥ ನೆಲದ ಮೇಲೆ ಉದ್ಯಾನವೋ ಬಡಾವಣೆಯೋ ಏಳುವ ಮೊದಲು ಅದರ ಚರಿತ್ರೆಯನ್ನು ಜನರ ಭಾಷೆಯಲ್ಲಿ ಬರೆದಿಡಬೇಕು. ಪರೀಕ್ಷಾ ವರದಿಗಳು ಇಂಗ್ಲಿಷಿನಲ್ಲೇ ಉಳಿದರೆ ಸುದ್ದಿಯಿಲ್ಲ; ಸುದ್ದಿಯಿಲ್ಲದೆ ಎಚ್ಚರವಿಲ್ಲ; ಎಚ್ಚರವಿಲ್ಲದ ಕಡೆ ಶುದ್ಧಿ ಕಾಗದದ ಮೇಲಿನದು. ಕನ್ನಡ ಓದಿದವರಿಗೆ ಕೆಲಸವೆಲ್ಲಿದೆ ಎಂದು ನೀವು ಕೇಳುತ್ತಿರುತ್ತೀರಿ. ಇಲ್ಲೊಂದು ಇದೆ.