ಅಟ್ಟದ ಕಾಯಿ

ನವೆಂಬರ್ 6, 2024. ತಿಪಟೂರು

ಅಪ್ಪ ಇವತ್ತೂ ಅಟ್ಟದ ಕಡೆ ತಲೆ ಎತ್ತಲಿಲ್ಲ. ಕಾಯಿ ಹಾಕಿ ಹತ್ತು ತಿಂಗಳಾಯಿತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಹೇಳುತ್ತಿದ್ದವನು. “ಎಪ್ಪತ್ನಾಲ್ಕಾಯ್ತಲ್ಲವ್ವ, ಇನ್ನೆಂಗಿರ್ತಾನೆ” ಅಂದರು ಚಿಕ್ಕಪ್ಪ. ಅವ್ವ ಹೋದ ಮೇಲೆ ನಾನೂ ಎರಡು ವರ್ಷ ಹೀಗೇ ಅಂದುಕೊಂಡು ಬಂದೆ.

ನವೆಂಬರ್ 11

ಹೊಟ್ಟೆ ಉರಿ. ಕಾಲು ಸೆಳೆತ. ಮೂರು ಗಂಟೆಗೇ ಎಚ್ಚರ. ಎಂಡೋಸ್ಕೋಪಿಯಲ್ಲಿ ಏನೂ ಸಿಗಲಿಲ್ಲ. “ಬೇಜಾರಾ ಅಪ್ಪಾ?” ಅಂದೆ. “ಬೇಜಾರು ಯಾಕವ್ವ? ಹೊಟ್ಟೆ ಉರಿ, ಅಷ್ಟೆ.”

ನವೆಂಬರ್ 14, ಬಸ್ಸಿನಲ್ಲಿ

ಮನೋವೈದ್ಯರು ಹದಿನೈದು ಪ್ರಶ್ನೆ ಕೇಳಿದರು. ಹೌದು, ಇಲ್ಲ, ಅಷ್ಟೇ ಉತ್ತರ. ವಯಸ್ಸಾದವರಿಗೆಂದೇ ಎಂಬತ್ತರ ದಶಕದಲ್ಲಿ ಅಮೆರಿಕದಲ್ಲಿ ಮಾಡಿದ ಪಟ್ಟಿಯಂತೆ. ನಿದ್ದೆ, ನೋವು ಬೇಕೆಂದೇ ಬಿಟ್ಟಿದ್ದಾರೆ, ಮುಪ್ಪಿನಲ್ಲಿ ಅವು ಹೇಗೂ ಇರುತ್ತವೆ ಅಂತ. ಸರಿಯೇ. ಆದರೆ ಅಪ್ಪನಿಗೆ ಸಂಕಟ ಹೇಳಿಕೊಳ್ಳಲು ಇರುವುದು ಹೊಟ್ಟೆ, ಕಾಲುಗಳ ಮಾತೊಂದೇ. ಆದರೂ 15ಕ್ಕೆ 11 ಬಂತು. 5 ದಾಟಿದರೇ ನೋಡಬೇಕಂತೆ.

ಥೈರಾಯ್ಡ್, ಬಿ12 ಸರಿಯಿವೆ. ಎಂಆರ್‌ಐಯಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ. ವರ್ಷಗಟ್ಟಲೆ ಬಿಪಿ ಇದ್ದವರಲ್ಲಿ ಸಣ್ಣ ರಕ್ತನಾಳ ಕೆಟ್ಟು ಖಿನ್ನತೆ ಬರಬಹುದು ಎಂಬ ವಾದ 1997ರಿಂದಲೂ ಇದೆಯಂತೆ. ಹಾಗಾದರೆ ಇದು ಅವ್ವನ ನೆನಪೋ, ನಾಳದ ತೊಂದರೆಯೋ? “ಎರಡೂ ಇರಬಹುದು” ಅಂದರು. ಎಸ್ಸಿಟಾಲೊಪ್ರಾಮ್ 5 ಮಿಲಿಗ್ರಾಂ. ಗುಣ ಕಾಣಲು ನಾಲ್ಕಾರು ವಾರ.

ನವೆಂಬರ್ 15, ರಾತ್ರಿ 2

“ನಾನಿದ್ದು ಏನಾಗ್ಬೇಕವ್ವ” ಅಂದ. ಗೋಡೆ ಕಡೆ ತಿರುಗಿಕೊಂಡೇ ಅಂದ.

ತೋಟದ ಔಷಧಿ ಡಬ್ಬಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದೆ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು ಒಬ್ಬ ಹೆಣ್ಣುಮಗಳು. ಒಬ್ಬರನ್ನೇ ಬಿಡಬೇಡಿ, ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿ ಕೇಳಿ, ಕೇಳಿದ್ದಕ್ಕೇ ಅದು ಹೆಚ್ಚಾಗುವುದಿಲ್ಲ ಅಂದರು. ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, “ಆಗಾಗ” ಅಂದ. ಅಪ್ಪನ ಕೈ ಹಿಡಿದು ಎಷ್ಟು ವರ್ಷವಾಗಿತ್ತೋ.

ಬೆಳಗಾಗುತ್ತಲೇ ಡಾಕ್ಟರಿಗೆ ಹೇಳಬೇಕು.

ನವೆಂಬರ್ 29

ನನ್ನನ್ನು ಅವ್ವನ ಹೆಸರು ಹಿಡಿದು ಕರೆದ. ಬಚ್ಚಲಿಗೆ ಹೋಗುವಾಗ ತೂರಾಡಿದ. ಮರೆವಿನ ಕಾಯಿಲೆ ಶುರುವಾಯಿತು ಅಂತ ಎದೆ ಒಡೆಯಿತು.

ನವೆಂಬರ್ 30, ವಾರ್ಡು

ಮರೆವಲ್ಲ. ಸೋಡಿಯಂ 124. ಕನಿಷ್ಠ 135 ಇರಬೇಕು. ಖಿನ್ನತೆಯ ಮಾತ್ರೆಯೂ ಬಿಪಿಯ ಥಯಜೈಡ್ ಮಾತ್ರೆಯೂ ಸೇರಿ ಇಳಿಸಿವೆ. ವಯಸ್ಸಾದವರಲ್ಲಿ ಹೀಗಾಗುವುದು ಹೆಚ್ಚಂತೆ. ಎರಡನೇ ವಾರ ರಕ್ತ ಪರೀಕ್ಷೆ ಮಾಡಿಸಿ ಅಂದಿದ್ದರು. ಕೂಲಿಯವರು, ಹರಾಜು ಅಂತ ಮುಂದೂಡಿದವಳು ನಾನು.

ಬೇಗ ಏರಿಸಿದರೆ ಮಿದುಳಿಗೆ ಅಪಾಯ. ನಿಧಾನ, ನಿಧಾನ ಅನ್ನುತ್ತಾರೆ ನರ್ಸು.

ಡಿಸೆಂಬರ್ 5

ಮನೆಗೆ ಬಂದೆವು. ಬಿಪಿ ಮಾತ್ರೆ ಬೇರೆ. ಖಿನ್ನತೆಗೂ ಬೇರೆ, ರಾತ್ರಿ ಮಿರ್ಟಜಪೀನ್ 7.5. ಮತ್ತೆ ಮೊದಲಿನಿಂದ ದಿನ ಎಣಿಸಬೇಕು.

ಡಿಸೆಂಬರ್ 19

ಐದು ಗಂಟೆವರೆಗೂ ಮಲಗಿದ್ದ. ಮುದ್ದೆ ಪೂರ್ತಿ ಉಂಡ. ಮಾತಿಲ್ಲ.

ಜನವರಿ 13, 2025

ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದೆ. ಹಿಂದೆ ಬಂದು ನಿಂತು, “ಇನ್ನೂ ಸಣ್ಣಕೆ ಹೆಚ್ಚವ್ವ, ನಿಮ್ಮವ್ವ ಅಕ್ಕಿ ಕಾಳಿನಂಗೆ ಮಾಡೋಳು” ಅಂದ. ಚಾಕು ಬಿಟ್ಟು ಒಳಗೆ ಹೋಗಿ ಅತ್ತೆ.

ಜನವರಿ 17

ಇಡೀ ದಿನ ಹೊದ್ದು ಮಲಗಿದ್ದ. ಏನು ಕಾರಣವೋ. ಸಿಟ್ಟು ಬಂತು, ಅವನ ಮೇಲೇ. ಬರೆಯಲು ನಾಚಿಕೆ.

ಜನವರಿ 23

ಸೋಡಿಯಂ 137. ಹದಿನೈದರಲ್ಲಿ 7. ಇನ್ನೂ 5ಕ್ಕಿಂತ ಮೇಲೆಯೇ. ಗುಣವಾದ ಮೇಲೂ ಒಂದು ವರ್ಷವಾದರೂ ಮಾತ್ರೆ ಬಿಡಬಾರದು ಅಂದರು.

ಸಂಜೆ ಒಂದು ಕಾಯಿ ಇಳಿಸಿ ಅಪ್ಪನ ಕೈಗೆ ಕೊಟ್ಟೆ. ಅಲ್ಲಾಡಿಸಲಿಲ್ಲ. ತೊಡೆ ಮೇಲಿಟ್ಟುಕೊಂಡು ಕೂತಿದ್ದ.

ಟ್ರಂಕಿನ ಬೀಗದಕೈ ಇನ್ನೂ ನನ್ನ ಸೊಂಟದಲ್ಲೇ ಇದೆ.