ಬ್ರೇಕಿನ ಮೆಟ್ಟು

ಸಿಗ್ನಲ್ಲಿಗೆ ಬಂದು ನಿಲ್ಲುವ ಕಾರುಗಳ ಸಾಲಿನಲ್ಲಿ ಒಂದಾದರೂ ‘ಕೀಂಯ್’ ಎನ್ನುತ್ತದೆ. ಪಕ್ಕದ ಸ್ಕೂಟರಿನವರು ತಿರುಗಿ ನೋಡುತ್ತಾರೆ, ಹೂ ಮಾರುವಾಕೆ ಮುಖ ಸಿಂಡರಿಸುತ್ತಾಳೆ. ಕಾರಿನೊಳಗಿನವರು ಮಾತ್ರ ಗಾಜು ಏರಿಸಿಕೊಂಡು ಹಾಡು ಕೇಳುತ್ತಿರುತ್ತಾರೆ. ಆ ಸದ್ದನ್ನು ಕಿರಿಕಿರಿ ಅನ್ನುವವರೇ ಹೆಚ್ಚು. ನಾನು ಅದನ್ನು ಸೌಜನ್ಯ ಅನ್ನುತ್ತೇನೆ. ಕೆಡುವ ಮೊದಲೇ ಹೇಳಿ ಕೆಡುವ ವಸ್ತುಗಳು ಮನೆಯಲ್ಲಿ ಎಷ್ಟಿವೆ? ಹೊಸ ತೊಗಲಿನ ಮೆಟ್ಟು ಹೊಸತಾದದ್ದಕ್ಕೇ ಕಿರ್ರೆನ್ನುತ್ತದೆ. ಬ್ರೇಕು ಸವೆದ ಮೇಲೆ ಕಿರ್ರೆನ್ನುತ್ತದೆ. ಮೆಟ್ಟಿನ ಮಾತು ಸುಮ್ಮನೆ ಬಂದದ್ದಲ್ಲ. ಡ್ರಮ್ಮಿನೊಳಗೆ ಒತ್ತುವ ಭಾಗಕ್ಕೆ ಗ್ಯಾರೇಜಿನಲ್ಲಿ ಇವತ್ತಿಗೂ ಬ್ರೇಕ್ ಶೂ ಅಂತಲೇ ಹೆಸರು. ಬ್ರೇಕಿಗೂ ಮೆಟ್ಟು ಹೊಲಿಯುವವನಿಗೂ ಇರುವ ನಂಟು ಹೆಸರಿಗಿಂತ ಗಟ್ಟಿ.

1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ಥಾ ಬೆಂಝ್ ಗಂಡನಿಗೆ ಹೇಳದೆ, ಅವನು ಕಟ್ಟಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಕ್ಕಿ. ಈ ಕಥೆ ಹೇಳುವವರೆಲ್ಲ ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡದ್ದನ್ನೂ, ಕಟ್ಟಿಕೊಂಡ ಕೊಳವೆಯನ್ನು ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದ್ದನ್ನೂ ಚಪ್ಪರಿಸಿ ಹೇಳುತ್ತಾರೆ. ನನ್ನ ಮಟ್ಟಿಗೆ ಅವೆರಡೂ ಚಿಲ್ಲರೆ. ಇಂಧನ ಮುಗಿದರೆ, ಕೊಳವೆ ಕಟ್ಟಿದರೆ ಗಾಡಿ ತಾನಾಗಿ ನಿಲ್ಲುತ್ತದೆ. ಕಂಡುಹಿಡಿಯಲು ಜಾಣತನ ಬೇಡ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದು ಹಿಡಿತ ಸಡಿಲುತ್ತಿದೆ ಎಂದು ಗುರುತಿಸುವುದು ಬೇರೆಯೇ ಮಾತು. ಅಲ್ಲಿ ಗಾಡಿ ಇನ್ನೂ ಓಡುತ್ತಿರುತ್ತದೆ, ಮೊದಲಿಗಿಂತ ಸಲೀಸಾಗಿಯೇ ಓಡುತ್ತದೆ! ಬರ್ಥಾ ಹಳ್ಳಿಯೊಂದರಲ್ಲಿ ಮೆಟ್ಟು ಹೊಲಿಯುವವನನ್ನು ಹಿಡಿದು ಆ ತುಂಡುಗಳಿಗೆ ತೊಗಲು ಹೊಡೆಸಿದಳು. ಇವತ್ತು ಮೆಕ್ಯಾನಿಕ್ಕು ಲೈನರ್ ಅನ್ನುವುದರ ಅಜ್ಜ ಆ ತೊಗಲು. ಮೋಟಾರಿನ ಚರಿತ್ರೆಯಲ್ಲಿ ಮೊದಲ ಬ್ರೇಕ್ ತಪಾಸಣೆ ಯಾವುದೆಂದು ಕೇಳಿದರೆ ನನ್ನ ಓಟು ಇದಕ್ಕೆ.

ಅಲ್ಲಿಂದ ಮುಂದಿನದು ಬ್ರೇಕಿನ ಬಾಯಿ ಮುಚ್ಚಿಸಿದ ಕಥೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದ; ತಾಮ್ರದ ಪ್ಯಾಡು ಲೋಹದ ತಟ್ಟೆಯನ್ನು ಉಜ್ಜಿದಾಗ ಏಳುತ್ತಿದ್ದ ಚೀರಾಟ ತಡೆಯಲಾಗದಂಥದ್ದು. ತನ್ನ ಹೆಸರಿನ ಅಕ್ಷರಗಳನ್ನು ಕಲಸಿ ಕಂಪನಿಗೆ ಫೆರೋಡೋ ಎಂಬ ಹೆಸರು ಕಟ್ಟಿದ ಹರ್ಬರ್ಟ್ ಫ್ರೂಡ್ ಅದಕ್ಕೆ ಕಲ್ನಾರಿನ ಹೊದಿಕೆ ಕೊಟ್ಟ. ಚೀರಾಟ ನಿಂತಿತು, ಕಾಯಿಸಿದರೂ ಸುಡಲಿಲ್ಲ. ಆದರೆ ಆ ಮೌನದ ಧೂಳು ಕಾರ್ಖಾನೆಯವರ, ಗ್ಯಾರೇಜಿನವರ ಶ್ವಾಸಕೋಶಕ್ಕೆ ಇಳಿಯಿತು. ಬ್ರಿಟನ್ನು ಕಲ್ನಾರನ್ನು ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ಇಷ್ಟೆಲ್ಲ ಮಾಡಿ ಸದ್ದಡಗಿಸಿದ ಮೇಲೆ, ಸವೆದದ್ದು ತಿಳಿಯುವುದು ಹೇಗೆಂಬ ಚಿಂತೆ ಹತ್ತಿತು. ಅದಕ್ಕೇ ಈಗಿನ ಅನೇಕ ಪ್ಯಾಡುಗಳಲ್ಲಿ ಒಂದು ಪುಟ್ಟ ಉಕ್ಕಿನ ನಾಲಗೆ ಇರುತ್ತದೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ನಾಲಗೆ ಡಿಸ್ಕಿಗೆ ತಾಗಿ ಕೀಂಯ್ ಎನ್ನುತ್ತದೆ. ಅಂದರೆ ಸಿಗ್ನಲ್ಲಿನಲ್ಲಿ ಕೇಳುವ ಆ ಅಪಸ್ವರ ಎಷ್ಟೋ ಸಲ ಬೇಕೆಂದೇ ಇಟ್ಟ ಸ್ವರ. ಅದನ್ನೂ ಕೇಳಿಸಿಕೊಳ್ಳದಿದ್ದರೆ ಬರುವುದು ಕರಕರ. ಆಗ ಪ್ಯಾಡು ಮುಗಿದು ಅದರ ಹಿಂದಿನ ತಗಡು ಡಿಸ್ಕನ್ನೇ ಕೆರೆಯುತ್ತಿರುತ್ತದೆ.

ಸದ್ದೆಲ್ಲ ದೋಷವೇ ಎಂದು ಕೇಳಬಹುದು. ಅಲ್ಲ. ರಾತ್ರಿಯಿಡೀ ಮಳೆಯಲ್ಲಿ ನಿಂತ ಕಾರಿನ ಡಿಸ್ಕಿಗೆ ತೆಳುವಾಗಿ ತುಕ್ಕು ಕೂತು, ಬೆಳಿಗ್ಗೆ ನಾಲ್ಕು ಸಲ ಒತ್ತುವವರೆಗೆ ಗೊಣಗುತ್ತದೆ. ಮಲೆನಾಡಿನವರೂ ಕರಾವಳಿಯವರೂ ಇದಕ್ಕೆ ಹೆದರುವುದಿಲ್ಲ. ಎಬಿಎಸ್ ಇರುವ ಕಾರಿನಲ್ಲಿ ಗಕ್ಕನೆ ಒತ್ತಿದಾಗ ಪೆಡಲು ಕಾಲಡಿ ಡಬಡಬಿಸುವುದೂ ರೋಗವಲ್ಲ. ಮೆಲ್ಲಗೆ ಒತ್ತಿದಾಗಲೂ ಪ್ರತಿ ಸಲ ಸ್ಟೇರಿಂಗು ನಡುಗಿದರೆ, ಕಾರು ಒಂದು ಮಗ್ಗುಲಿಗೇ ಎಳೆದರೆ ಬಿಚ್ಚಿ ನೋಡಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಬ್ರೇಕಿನ ದೀಪ ಹತ್ತುತ್ತದಲ್ಲ, ಕಿವಿ ಯಾಕೆ ಎನ್ನುವವರಿಗೆ ಉತ್ತರ ಬೇರೆ. ಬಹಳ ಕಾರುಗಳಲ್ಲಿ ಆ ಕೆಂಪು ದೀಪ ಹತ್ತುವುದು ಹ್ಯಾಂಡ್‌ಬ್ರೇಕ್ ಎಳೆದಾಗ ಅಥವಾ ಬ್ರೇಕ್ ಆಯಿಲ್ ಕಡಿಮೆಯಾದಾಗ. ಪ್ಯಾಡು ಸವೆದಷ್ಟೂ ಡಬ್ಬಿಯ ಆಯಿಲ್ ಇಳಿಯುತ್ತದೆ; ಯಾರೋ ಉಪಕಾರಕ್ಕೆಂದು ಅದನ್ನು ತುಂಬಿಸಿಬಿಟ್ಟರೆ ಆ ಸುಳಿವೂ ಹೋಯಿತು. ಇನ್ನು ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸತಿನಲ್ಲಿ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಬೀಳುತ್ತದೆ. ಚಾರ್ಮಾಡಿ ಘಾಟಿಯನ್ನು ಮೇಲಿನ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕುದ್ದು, ಪೆಡಲು ಹತ್ತಿಯ ಹಾಸಿಗೆಯಂತೆ ಮೆತ್ತಗೆ ಒಳಹೋಗುತ್ತದೆ. ಇದಕ್ಕೆ ಸದ್ದೇ ಇಲ್ಲ. ಇಲ್ಲಿ ಕಿವಿಯ ಕೆಲಸ ಪಾದ ಮಾಡಬೇಕು.

ಹಿಂದಿನ ಗಾಲಿಯ ಡ್ರಮ್ಮಿನೊಳಗೆ ಕೂತ ಶೂಗಂತೂ ಆ ಉಕ್ಕಿನ ನಾಲಗೆಯೂ ಸಾಮಾನ್ಯವಾಗಿ ಇರುವುದಿಲ್ಲ. ಬರ್ಥಾಳ ತೊಗಲಿನ ನೇರ ವಂಶಸ್ಥ ಅದೇ, ಸುಮ್ಮನೆ ಸವೆಯುವುದೂ ಅದೇ. ಹ್ಯಾಂಡ್‌ಬ್ರೇಕ್ ಎಳೆದಾಗ ‘ಕಟ ಕಟ’ ಎನ್ನುವ ಹಲ್ಲುಗಳು ಮೊದಲು ಐದಿದ್ದದ್ದು ಒಂಬತ್ತಾದವೇ ಎಂದು ಎಣಿಸಿದವರಿಗೆ ಮಾತ್ರ ಸ್ವಲ್ಪ ಸುಳಿವು. ಎಣಿಸಲು ಗಾಜು ಇಳಿಸಬೇಕಾಗಿಲ್ಲ, ಹಾಡು ನಿಲ್ಲಿಸಿದರೆ ಸಾಕು. ಅಷ್ಟರಲ್ಲಿ ಸಿಗ್ನಲ್ಲು ಹಸಿರಾಗಿ, ಆಗ ಕೀಂಯ್ ಎಂದ ಕಾರು ಮುಂದಿನ ಸಿಗ್ನಲ್ಲಿನತ್ತ ಹೊರಟಿರುತ್ತದೆ, ಇನ್ನೊಬ್ಬ ಹೂವಿನಾಕೆಯ ಕಿವಿಗೆ.