ಪುಪುಸಾ ಮತ್ತ ತಿನ್ನೋ ಸುಣ್ಣ

ಹ್ವಾದ ವರ್ಷ ಮಗಳ ಬಾಣಂತನಕ್ಕಂತ ಅಮೆರಿಕಾದ ಮೇರಿಲ್ಯಾಂಡಿಗೆ ಹೋಗಿದ್ದೆ. ಬಾಜೂ ಮನ್ಯಾಗ ಎಲ್ ಸಾಲ್ವಡಾರ್ ದೇಶದಾಕಿ ಒಬ್ಬಾಕಿ ಇದ್ಲು, ನನ್ನ ವಾರಗೀದಾಕಿನ. ಆಕೀದು ಸ್ಪ್ಯಾನಿಷ್, ನಂದು ಧಾರವಾಡ ಕನ್ನಡ, ನಡುವ ಇಬ್ಬರದೂ ಹರಕು-ಮುರುಕು ಇಂಗ್ಲೀಷು. ಒಂದಿನ ಆಕಿ ಅಡಗೀಮನಿಯಿಂದ ಟಪ್ ಟಪ್ ಅಂತ ಸಪ್ಪಳ ಕೇಳ್ತು. ಯಾರೋ ರೊಟ್ಟಿ ಬಡಿಲಿಕತ್ತಾರ ಅನಿಸಿ, ಕೂಸನ್ನ ಎತ್ಕೊಂಡು ಹೋಗೇಬಿಟ್ಟೆ.

ರೊಟ್ಟಿ ಅಲ್ರೀ, ಪುಪುಸಾ. ಅವರಿಗೆ ಇದಂದ್ರ ನಮಗ ಜ್ವಾಳದ ರೊಟ್ಟಿ ಇದ್ದಂಗ. 2005ರಾಗ ಅಲ್ಲಿ ಸರ್ಕಾರ ಇದನ್ನ ರಾಷ್ಟ್ರೀಯ ತಿನಿಸು ಅಂತ ಸಾರಿ, ನವೆಂಬರದ ಎರಡನೇ ರವಿವಾರ ಪುಪುಸಾ ದಿನ ಅಂತ ಇಟ್ಟದ. ಗೋವಿನಜೋಳದ ಹಿಟ್ಟಿನ ಉಂಡ್ಯಾಗ ಕುಳಿ ಮಾಡಿ, ಹೋಳಿಗಿಗೆ ಹೂರಣ ತುಂಬಿಧಂಗ, ಕುದಿಸಿ ಅರದ ಕೆಂಪು ಬೀನ್ಸು, ಚೀಸು ತುಂಬ್ತಾರ. ಬಾಯಿ ಮುಚ್ಚಿ, ಕೈಗೆ ನೀರು-ಎಣ್ಣಿ ಹಚ್ಕೊಂಡು, ಎರಡೂ ಅಂಗೈ ನಡುವ ತಟ್ಟಿ ಹಂಚಿಗೆ ಹಾಕೋದು. ಲಟ್ಟಣಗಿ ಇಲ್ಲ, ಏನಿಲ್ಲ. ಹಂದಿಮಾಂಸ ತುಂಬೋದೂ ಭಾಳ. ನಾ ತಿನ್ನಂಗಿಲ್ಲ ಅಂದಕೂಡ್ಲೆ ಆಕಿ ಬ್ಯಾರೆ ಹಂಚು ಇಟ್ಲು, ನಾ ಕೇಳಿದ್ದಿಲ್ಲ. ಬಾಜೂಕ ಕುರ್ಟಿಡೊ ಅಂತ, ಕ್ಯಾಬೀಜು ಗಜ್ಜರಿ ಉಳ್ಳಾಗಡ್ಡಿ ವಿನೆಗರಿನ್ಯಾಗ ನೆನಸಿದ್ದು. ಕೈಲೇನ ತಿನಬೇಕು ಅಂದ್ಲು. ನಂಗ ಅರ್ಧ ಊರಿಗೆ ಹೋದಂಗಾತು.

ತಟ್ಟೋದು ಯಾರು ಕಲಿಸಿದ್ರು ಅಂದೆ. ಅವ್ವ, ಅಂದ್ಲು. ಅಲ್ಲಿ 1980ರಿಂದ 1992ರ ತನಕ ಒಳಯುದ್ಧ ನಡದಿತ್ತು. ಆವಾಗ ಹುಡುಗಿ ಇದ್ದಾಗ ಓಡಿ ಬಂದಾಕಿ. ಕಾಗದಪತ್ರ ಸರಿ ಆಗೋದ್ರಾಗ ಅಲ್ಲಿ ಅವ್ವ ತೀರಿದ್ಲಂತ. ಹೇಳ್ಕೋತನ ತಟ್ಟಿದ್ಲು, ಕೈ ನಿಲ್ಲಲಿಲ್ಲ. ನಂಗ ಏನು ಹೇಳಬೇಕೋ ತಿಳೀಲಿಲ್ಲ, ಒಂದು ಉಂಡಿ ನಾನೂ ತಗೊಂಡೆ. ನನ್ನ ಮಗಳೂ ವೀಸಾದ ಗದ್ದಲದಾಗ ಮೂರು ವರ್ಷ ಊರಿಗೆ ಬಂದಿಲ್ಲ. ಆ ರಾತ್ರಿ ನಿದ್ದಿ ಹತ್ತಲಿಲ್ಲ.

ಊರಿಗೆ ಬಂದು ಗಿರಣಿಯೊಳಗ ಗೋವಿನಜೋಳ ಬೀಸಿಸಿ ಮಾಡ್ಲಿಕ್ಕೆ ಕೂತೆ. ಅಂಚೆಲ್ಲಾ ಒಡದು, ಹೂರಣ ಹಂಚಿಗೆ ಹತ್ತಿ ಕರಕಾತು. ನಮ್ಮ ಮನಿಯವರು "ಇದೇನು, ಉಪ್ಪಿಟ್ಟೇನು?" ಅಂದ್ರು. ಮಗಳಿಗೆ ಫೋನ್ ಮಾಡಿದೆ, ಆಕಿ ಬಾಜೂ ಮನಿಗೆ ಹೋಗಿ ಕೇಳಿದ್ಲು. ಉತ್ತರ ಒಂದ: ಸುಣ್ಣ! ಒಣಾ ಕಾಳು ಸುಣ್ಣದ ನೀರಾಗ ಕುದಿಸಿ, ರಾತ್ರಿಯೆಲ್ಲಾ ಬಿಟ್ಟು, ಸಿಪ್ಪಿ ತಿಕ್ಕಿ ನಾಕು ನೀರಾಗ ತೊಳದು ರುಬ್ಬಬೇಕಂತ. ಆವಾಗ ಹಿಟ್ಟಿಗೆ ಜಿಗಿ ಬರ್ತದ. ಅಲ್ಲಿ ಅಂಗಡ್ಯಾಗ ಸಿಗೋ ಪುಡಿಗೂ ಸುಣ್ಣದ ಸಂಸ್ಕಾರ ಆಗೇ ಇರ್ತದಂತ. ನಮ್ಮತ್ತಿಯವರ ಎಲಿಡಬ್ಬ್ಯಾಗಿನ ತಿನ್ನೋ ಸುಣ್ಣ ಅರ್ಧ ಕಿಲೋ ಕಾಳಿಗೆ ಒಂದು ಸಣ್ಣ ಚಮಚ ಹಾಕಿದೆ. ಹೂರಣಕ್ಕ ರಾಜ್ಮಾ, ಪನೀರು.

ಈ ಸಲ ಒಡೀಲಿಲ್ಲ. ವಿಡಿಯೋ ಕಾಲಿನ್ಯಾಗ ಮಗಳು ಫೋನು ಬಾಜೂ ಮನಿಗೆ ಒಯ್ದ್ಲು. ಆಕಿ ಕನ್ನಡಕ ಏರಿಸಿ ನೋಡಿ, ಅಂಚು ದಪ್ಪ ಅಂದ್ಲು. ಆಮ್ಯಾಲೆ ಫೋನಿನ ಮುಂದನ ಎರಡೂ ಕೈ ತಟ್ಟಿ ತೋರಿಸಿದ್ಲು, ಹಿಂಗ, ಹಿಂಗ ಅಂತ. ನಾ ಇಲ್ಲಿಂದ ತಟ್ಟಿದೆ.